ಸಣ್ಣ ಸಭೆಗಳ ದೊಡ್ಡ ಬಾಂಧವ್ಯ: ಬ್ಯಾಪ್ಟಿಸ್ಟ್ ಒಕ್ಕೂಟಗಳ ಚರಿತ್ರೆ ನಮಗೆ ಹೇಳುವುದೇನು?

ಚಿತ್ರದುರ್ಗದಿಂದ ಬಳ್ಳಾರಿಯ ಕಡೆಗೆ ಸಾಗುವ ದಾರಿಯಲ್ಲಿ ಚಳ್ಳಕೆರೆಯನ್ನು ದಾಟಿದೊಡನೆ ನಾಡಿನ ಚಹರೆಯೇ ಬದಲಾಗುತ್ತದೆ. ಮಳೆ ಕಡಿಮೆ, ಬಯಲು ವಿಶಾಲ. ಶೇಂಗಾ ಹೊಲಗಳು, ಕುರಿಮಂದೆಗಳು, ಜಾಲಿಯ ಪೊದೆಗಳು, ದೂರದಲ್ಲಿ ಹೆಬ್ಬಂಡೆಗಳ ಗುಡ್ಡಗಳು. ಚಳ್ಳಕೆರೆ ಎಣ್ಣೆ ಗಿರಣಿಗಳಿಗೂ ಕಂಬಳಿಗೂ ಹೆಸರಾದರೆ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರುವಾಸಿ. ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕುಟುಂಬಗಳು ಇಲ್ಲಿ ಅನೇಕ. ಮೊಳಕಾಲ್ಮೂರಿನವರಿಗೆ ತಮ್ಮ ಜಿಲ್ಲಾಕೇಂದ್ರವಾದ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ; ಆಂಧ್ರದ ರಾಯದುರ್ಗ ಇನ್ನೂ ಹತ್ತಿರ.

ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಅವುಗಳನ್ನು ಬೆಳಕಿಗೆ ತಂದವರು ಬಿ. ಎಲ್. ರೈಸ್, ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದ ಲಂಡನ್ ಮಿಷನ್ ಪಾದ್ರಿಯೊಬ್ಬರ ಮಗ. ಆ ಶಾಸನದ ಒಂದು ತಾತ್ಪರ್ಯ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಉಳಿದಿದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದಲ್ಲ, ಶ್ರದ್ಧೆಯಿಂದ ಪ್ರಯತ್ನಿಸಿದರೆ ಸಣ್ಣವರಿಗೂ ದಕ್ಕುತ್ತದೆ ಎಂದು ಚಕ್ರವರ್ತಿ ಅಲ್ಲಿ ಕೊರೆಸಿದ್ದಾನೆ. ಈ ಲೇಖನದ ವಸ್ತುವೂ ಸಣ್ಣವರ ಪ್ರಯತ್ನವೇ ಆದುದರಿಂದ ಅದನ್ನು ಮೊದಲಲ್ಲೇ ನೆನೆದಿದ್ದೇನೆ.

ಈ ಬಯಲುಸೀಮೆಯಲ್ಲಿ ಸಂಚರಿಸುವಾಗ ಊರಿನ ಅಂಚಿನಲ್ಲಿ ಒಂದು ಸಣ್ಣ ಕಟ್ಟಡ, ಅದರ ಮೇಲೊಂದು ಶಿಲುಬೆ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರು ಕಾಣಸಿಗುವುದುಂಟು. ಕೆಲವದರಲ್ಲಿ 'ಬ್ಯಾಪ್ಟಿಸ್ಟ್' ಎಂಬ ಮಾತಿರುತ್ತದೆ. 'ಫಾದರ್, ಇವರು ಯಾರು? ಇವರಿಗೆ ಬಿಷಪರಿಲ್ಲವಂತೆ, ಹೌದೇ? ಹಾಗಾದರೆ ಇವರನ್ನು ನಡೆಸುವವರು ಯಾರು?' ಎಂದು ನಮ್ಮ ಜನ ಕೇಳುತ್ತಾರೆ. ಕೇಳುವ ಧ್ವನಿಯಲ್ಲಿ ಕೆಲವೊಮ್ಮೆ ಕುತೂಹಲ, ಕೆಲವೊಮ್ಮೆ ತಾತ್ಸಾರ.

ಒಮ್ಮೆ ಆ ಪ್ರಶ್ನೆಯ ಹಿಂದೆ ಕಣ್ಣೀರೂ ಇತ್ತು. ಕೆಲವು ವರ್ಷಗಳ ಹಿಂದೆ ವೃದ್ಧೆಯೊಬ್ಬರು ನನ್ನಲ್ಲಿಗೆ ಬಂದರು. ಅವರ ಮೊಮ್ಮಗಳಿಗೆ ಬ್ಯಾಪ್ಟಿಸ್ಟ್ ಸಭೆಯ ಹುಡುಗನೊಡನೆ ಮದುವೆ ನಿಶ್ಚಯವಾಗುತ್ತಿತ್ತು. ಹುಡುಗಿ ಮತ್ತೊಮ್ಮೆ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯಬೇಕೆಂದು ಆ ಕಡೆಯವರು ಹೇಳಿದ್ದರು. 'ಅಂಗಾದ್ರೆ ನಾನು ಎತ್ಕಂಡು ಹೋಗಿ ಕೊಡಿಸಿದ್ದು ಏನೂ ಅಲ್ವಾ ಫಾದರ್?' ಎಂದು ಆ ತಾಯಿ ಕೇಳಿದರು. ಅವರಿಗೆ ಏನೋ ಸಮಾಧಾನ ಹೇಳಿ ಕಳುಹಿಸಿದೆನಾದರೂ, ಆ ಜನರ ಚರಿತ್ರೆಯನ್ನು ಸರಿಯಾಗಿ ತಿಳಿಯದೆ ಉತ್ತರ ಕೊಟ್ಟೆನೆಂಬ ಕೊರಗು ಉಳಿಯಿತು. ಆ ಬಳಿಕ ಓದಿ ತಿಳಿದುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ತನ್ನ ಕಾಲ ಮೇಲೆ ನಿಂತ ಸಭೆ

ಬ್ಯಾಪ್ಟಿಸ್ಟರ ಉಗಮ ಹದಿನೇಳನೆಯ ಶತಮಾನದ ಆದಿಭಾಗದ್ದು. ಇಂಗ್ಲೆಂಡಿನ ರಾಜಸಮ್ಮತ ಧರ್ಮಸಭೆಯಿಂದ ಹೊರಬಂದ ಒಂದು ಸಣ್ಣ ಗುಂಪು ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ಆಶ್ರಯ ಪಡೆಯಿತು. ಅಲ್ಲಿ 1609ರಲ್ಲಿ ಜಾನ್ ಸ್ಮಿತ್ ಎಂಬುವರ ನಾಯಕತ್ವದಲ್ಲಿ, ಸ್ವಂತ ಬಾಯಿಂದ ವಿಶ್ವಾಸವನ್ನು ಅರಿಕೆಮಾಡಿದವರಿಗೆ ಮಾತ್ರ ದೀಕ್ಷಾಸ್ನಾನವೆಂಬ ನಿಯಮದ ಮೇಲೆ ಸಭೆಯೊಂದು ರೂಪುಗೊಂಡಿತು. ಅವರ ಸಂಗಡಿಗರಾದ ಥಾಮಸ್ ಹೆಲ್ವಿಸ್ ತಾಯ್ನಾಡಿಗೆ ಮರಳಿ 1612ರ ಹೊತ್ತಿಗೆ ಲಂಡನ್ನಿನ ಬಳಿ ಅಂಥದೇ ಸಭೆಯನ್ನು ಸ್ಥಾಪಿಸಿದರು.

ಈ ಹೆಲ್ವಿಸ್ ನಮಗೆ, ಅಂದರೆ ಕಥೋಲಿಕರಿಗೆ, ನೆನಪಿನಲ್ಲಿಡತಕ್ಕ ವ್ಯಕ್ತಿ. ಅರಸನಿಗೆ ಪ್ರಜೆಗಳ ದೇಹ ಮತ್ತು ಸೊತ್ತಿನ ಮೇಲೆ ಅಧಿಕಾರವಿದೆಯೇ ಹೊರತು ಅವರ ಅಮರ ಆತ್ಮಗಳ ಮೇಲಿಲ್ಲ ಎಂದು ಅವರು ಪುಸ್ತಕ ಬರೆದರು. ತಮ್ಮವರಿಗೆ ಮಾತ್ರವೇ ಅಲ್ಲದೆ ಯೆಹೂದ್ಯರಿಗೂ ಮುಸಲ್ಮಾನರಿಗೂ, ಆ ಕಾಲದ ಇಂಗ್ಲೆಂಡಿನಲ್ಲಿ ದ್ವೇಷಕ್ಕೆ ಗುರಿಯಾಗಿದ್ದ ಕಥೋಲಿಕರಿಗೂ ಧರ್ಮಸ್ವಾತಂತ್ರ್ಯ ಬೇಕೆಂದು ವಾದಿಸಿದರು. ಕಥೋಲಿಕ ಬೋಧನೆಯನ್ನು ಅವರು ಒಪ್ಪುತ್ತಿರಲಿಲ್ಲ, ಕಟುವಾಗಿಯೇ ಖಂಡಿಸುತ್ತಿದ್ದರು. ಆದರೂ ನಮ್ಮವರ ಮನಸ್ಸಾಕ್ಷಿಯ ಹಕ್ಕನ್ನು ಎತ್ತಿಹಿಡಿದರು. ಅದಕ್ಕಾಗಿ ನ್ಯೂಗೇಟ್ ಸೆರೆಮನೆ ಸೇರಿ, 1616ರ ಸುಮಾರಿಗೆ ಸೆರೆಯಲ್ಲೇ ತೀರಿಕೊಂಡರು.

ಇಂಥ ಹಿನ್ನೆಲೆಯಿಂದ ಬಂದವರು ತಮ್ಮ ಸಭೆಗಳ ಮೇಲೆ ಯಾವ ಅಧಿಕಾರಿಯೂ ಇರಬಾರದೆಂದು ಬಗೆದುದು ಸಹಜ. ನಮ್ಮಲ್ಲಿ ಧರ್ಮಕೇಂದ್ರವು ಧರ್ಮಕ್ಷೇತ್ರದ ಒಂದು ಅಂಗ. ಗುರುಗಳನ್ನು ಕಳುಹಿಸುವವರೂ ವರ್ಗಾಯಿಸುವವರೂ ಧರ್ಮಾಧ್ಯಕ್ಷರು. ಬ್ಯಾಪ್ಟಿಸ್ಟರಲ್ಲಿ ಇದು ತಿರುವುಮುರುವು. ಒಂದೂರಿನ ಸಭೆ ತಾನೇ ಪೂರ್ಣ ಸಭೆ. ಪಾಲಕನನ್ನು ಆರಿಸುವುದು, ಸದಸ್ಯರನ್ನು ಸೇರಿಸುವುದು, ಶಿಸ್ತು ಕಾಯುವುದು, ಹಣದ ಲೆಕ್ಕ ನೋಡುವುದು ಎಲ್ಲವೂ ಸದಸ್ಯರ ಕೂಟದ ಹೊಣೆ. ನಲವತ್ತು ಮಂದಿಯ ಸಭೆಯಾದರೂ ನಾಲ್ಕು ಸಾವಿರ ಮಂದಿಯ ಸಭೆಯಾದರೂ ಅಧಿಕಾರ ಒಂದೇ.

ಒಂಟಿತನಕ್ಕೆ ಕಂಡುಕೊಂಡ ಉತ್ತರ

ಸ್ವಾತಂತ್ರ್ಯದ ಜೊತೆಗೆ ಒಂಟಿತನವೂ ಬರುತ್ತದೆ. ನಲವತ್ತು ಬಡವರ ಸಭೆಗೆ ಪಾಲಕ ಸತ್ತರೆ ಇನ್ನೊಬ್ಬನನ್ನು ಎಲ್ಲಿಂದ ತರುವುದು? ಪಾಲಕನೇ ದಾರಿ ತಪ್ಪಿದರೆ ಹೇಳುವವರು ಯಾರು? ಬರಗಾಲ ಬಂದರೆ ಕೈಹಿಡಿಯುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದ್ದೇ 'ಅಸೋಸಿಯೇಷನ್', ಅಂದರೆ ಒಂದು ಸೀಮೆಯ ಸಭೆಗಳ ಒಕ್ಕೂಟ. 1644ರಲ್ಲಿ ಲಂಡನ್ನಿನ ಏಳು ಸಭೆಗಳು ಕೂಡಿ ಒಂದು ವಿಶ್ವಾಸ ಪ್ರಕಟಣೆಗೆ ಸಹಿ ಹಾಕಿದವು. ಮುಂದೆ ಇಂಗ್ಲೆಂಡಿನ ಹಲವು ಸೀಮೆಗಳಲ್ಲಿ ಒಕ್ಕೂಟಗಳು ಏರ್ಪಟ್ಟವು. ಅಮೆರಿಕದಲ್ಲಿ 1707ರಲ್ಲಿ ಐದು ಸಭೆಗಳು ಸೇರಿ ಫಿಲಡೆಲ್ಫಿಯಾ ಒಕ್ಕೂಟವನ್ನು ಕಟ್ಟಿಕೊಂಡವು.

ಒಕ್ಕೂಟದ ಕೆಲಸದ ರೀತಿ ಸರಳ. ವರ್ಷಕ್ಕೊಮ್ಮೆ ಯಾವುದಾದರೊಂದು ಊರಿನಲ್ಲಿ ಎಲ್ಲ ಸಭೆಗಳ ಪ್ರತಿನಿಧಿಗಳು ಸೇರುತ್ತಾರೆ. ಪ್ರತಿ ಸಭೆಯೂ ಒಂದು ಪತ್ರವನ್ನು ಕಳುಹಿಸುತ್ತದೆ. ಈ ವರ್ಷ ದೀಕ್ಷಾಸ್ನಾನ ಪಡೆದವರು ಎಷ್ಟು, ಬೇರೆ ಸಭೆಯಿಂದ ಪತ್ರ ತಂದು ಸೇರಿದವರು ಎಷ್ಟು, ಬಿಟ್ಟುಹೋದವರು, ಹೊರಹಾಕಲ್ಪಟ್ಟವರು, ತೀರಿಕೊಂಡವರು ಎಷ್ಟು ಎಂಬ ಲೆಕ್ಕ ಅದರಲ್ಲಿರುತ್ತದೆ. ಸಭೆಯ ಕಷ್ಟಸುಖಗಳೂ ಇರುತ್ತವೆ. ಪತ್ರಗಳನ್ನು ಎಲ್ಲರ ಮುಂದೆ ಓದಿ, ಪ್ರಾರ್ಥಿಸಿ, ಎಲ್ಲ ಸಭೆಗಳಿಗೂ ಒಂದು ಸಾಮಾನ್ಯ ಪತ್ರವನ್ನು ಬರೆದು ಕಳುಹಿಸುವುದು ಹಳೆಯ ಪದ್ಧತಿ. ಬಡ ಸಭೆಗೆ ನೆರವು, ಪಾಲಕರ ವಿಧವೆಯರಿಗೆ ಸಹಾಯ, ಹೊಸ ಪಾಲಕನ ಅಭಿಷೇಕಕ್ಕೆ ಸಲಹೆ ಇವೂ ಅಲ್ಲಿ ನಡೆಯುತ್ತವೆ.

ಒಂದು ವಿಷಯವನ್ನು ಗಮನಿಸಬೇಕು. ಒಕ್ಕೂಟ ಆಜ್ಞೆ ಮಾಡಲಾರದು. ಯಾವ ಸಭೆಯ ಬಾಗಿಲನ್ನೂ ಮುಚ್ಚಿಸಲಾರದು, ಯಾವ ಪಾಲಕನನ್ನೂ ವರ್ಗಾಯಿಸಲಾರದು. ಸಭೆಯೊಂದು ಮಾತು ಕೇಳದಿದ್ದರೆ ಅದರೊಡನೆ ಒಡನಾಟವನ್ನು ಕಡಿದುಕೊಳ್ಳಬಹುದು, ಅಷ್ಟೇ. ಹಾಗಾಗಿ ಒಕ್ಕೂಟ ಉಳಿಯುವುದು ಪರಸ್ಪರ ಪ್ರೀತಿ ಮತ್ತು ನಂಬಿಕೆಯ ಬಲದಿಂದ ಮಾತ್ರ.

ಒಂದು ಗಂಟೆಯ ಪ್ರಾರ್ಥನೆ, ಒಂದು ಕನ್ನಡ ವ್ಯಾಕರಣ

ಇಂಥ ಒಂದು ಒಕ್ಕೂಟಕ್ಕೂ ನಮ್ಮ ಕನ್ನಡಕ್ಕೂ ಇರುವ ನಂಟು ಅಚ್ಚರಿಯದು. ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆ ಚಪ್ಪಲಿ, ಬೂಟು ಹೊಲಿಯುವವರ ನಾಡು. ಅಲ್ಲಿಯ ಮತ್ತು ಸುತ್ತಲ ಹಳ್ಳಿಗಳ ಬ್ಯಾಪ್ಟಿಸ್ಟ್ ಸಭೆಗಳು 1760ರ ದಶಕದಲ್ಲಿ ಒಕ್ಕೂಟ ಮಾಡಿಕೊಂಡಿದ್ದವು. 1784ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಸೇರಿದ ಆ ಒಕ್ಕೂಟದ ಮುಂದೆ ಜಾನ್ ಸಟ್‌ಕ್ಲಿಫ್ ಎಂಬ ಪಾಲಕರು ಒಂದು ಸಲಹೆಯಿಟ್ಟರು. ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ ಒಂದು ಗಂಟೆ ಎಲ್ಲ ಸಭೆಗಳೂ ತಮ್ಮ ತಮ್ಮ ಊರಿನಲ್ಲೇ ಸೇರಿ, ಲೋಕದ ಕೊನೆಯವರೆಗೂ ಶುಭಸಂದೇಶ ಹರಡಲೆಂದು ಪ್ರಾರ್ಥಿಸಬೇಕು ಎಂಬುದೇ ಆ ಸಲಹೆ. ತಮ್ಮ ಪ್ರಾರ್ಥನಾಲಯದ ಬಾಡಿಗೆಗೇ ಪರದಾಡುವ ಸಭೆಗಳು ಲೋಕದ ಕೊನೆಗಾಗಿ ಪ್ರಾರ್ಥಿಸತೊಡಗಿದವು.

ಎಂಟು ವರ್ಷ ಆ ಪ್ರಾರ್ಥನೆ ನಡೆಯಿತು. ಆ ಬಳಗದಲ್ಲಿ ವಿಲಿಯಂ ಕೇರಿ ಎಂಬ ಯುವಕನಿದ್ದ. ಚಪ್ಪಲಿ ಹೊಲಿಯುವ ಕಸುಬು ಕಲಿತವನು, ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು, ಆಮೇಲೆ ಸಭಾಪಾಲಕನಾದವನು. 1792ರ ಮೇ ತಿಂಗಳ ಒಕ್ಕೂಟದ ಕೂಟದಲ್ಲಿ ಅವನು ಪ್ರವಾದಿ ಯೆಶಾಯನ ಗ್ರಂಥದ 54ನೆಯ ಅಧ್ಯಾಯವನ್ನು ಆಧರಿಸಿ ಪ್ರಸಂಗ ಮಾಡಿದ. ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗ್ ಪಟ್ಟಣದ ಒಬ್ಬ ವಿಧವೆಯ ಮನೆಯ ಹಿಂಬದಿಯ ಕೋಣೆಯಲ್ಲಿ ಹತ್ತಾರು ಮಂದಿ ಸೇರಿ ಮಿಷನ್ ಸಂಘವನ್ನು ಸ್ಥಾಪಿಸಿದರು. ಅಂದು ಅವರು ಕೊಡುವುದಾಗಿ ಮಾತುಕೊಟ್ಟ ಹಣ ಒಟ್ಟು 13 ಪೌಂಡು, 2 ಶಿಲ್ಲಿಂಗು, 6 ಪೆನ್ಸು. ಸಂಘದ ಕಾರ್ಯದರ್ಶಿಯಾದ ಆಂಡ್ರ್ಯೂ ಫುಲ್ಲರ್ ಈ ಕೆಲಸವನ್ನು ಆಳವಾದ ಗಣಿಗೆ ಇಳಿಯುವುದಕ್ಕೆ ಹೋಲಿಸುತ್ತಿದ್ದರು. ಇಳಿಯುವವನು ಒಬ್ಬ, ಮೇಲೆ ಹಗ್ಗ ಹಿಡಿದು ನಿಲ್ಲುವವರು ಹಲವರು. ಬಾವಿ ತೋಡುವ ನಮ್ಮ ಬಯಲುಸೀಮೆಯ ಜನಕ್ಕೆ ಈ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ.

ಕೇರಿ 1793ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದಿಳಿದರು. 1800ರಿಂದ ಡೆನ್ಮಾರ್ಕಿನವರ ಅಧೀನದಲ್ಲಿದ್ದ ಶ್ರೀರಾಮಪುರದಲ್ಲಿ ನೆಲೆಸಿ, ಶಿಕ್ಷಕ ಮಾರ್ಷ್‌ಮನ್, ಮುದ್ರಕ ವಾರ್ಡ್ ಇವರೊಡನೆ ಮುದ್ರಣಾಲಯ ನಡೆಸಿದರು. ಅವರು ಕನ್ನಡನಾಡಿಗೆ ಕಾಲಿಟ್ಟವರಲ್ಲ. ಆದರೂ ಪಂಡಿತರ ನೆರವಿನಿಂದ ಕನ್ನಡ ಕಲಿತು ಹೊಸ ಒಡಂಬಡಿಕೆಯನ್ನು ಅನುವಾದಿಸಿದರು. 1812ರ ಮಾರ್ಚ್ 11ರ ರಾತ್ರಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಆ ಕನ್ನಡ ಹಸ್ತಪ್ರತಿಯೂ ಸುಟ್ಟು ಬೂದಿಯಾಯಿತು. ಆಗ ಹಗ್ಗ ಹಿಡಿದವರು ಕೈಬಿಡಲಿಲ್ಲ. ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ ಎರಡು ತಿಂಗಳೊಳಗೆ ಸುಮಾರು ಹತ್ತು ಸಾವಿರ ಪೌಂಡು ಸಂಗ್ರಹವಾಯಿತು. ಬೇರೆ ಪಂಗಡದ ಕ್ರೈಸ್ತರೂ ಕೊಟ್ಟರು. ಕೇರಿ ಮೊದಲಿನಿಂದ ಮತ್ತೆ ಆರಂಭಿಸಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಅಚ್ಚಾಯಿತು. ಕನ್ನಡ ಹೊಸ ಒಡಂಬಡಿಕೆ 1820ರ ದಶಕದ ಆದಿಯಲ್ಲಿ ಹೊರಬಂದಿತು.

ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಜನರ ನಡುವೆಯೇ ಇದ್ದು, ವಿಲಿಯಂ ರೀವ್ ಮೊದಲಾದವರ ಸಹಾಯದಿಂದ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. 1831ರಲ್ಲಿ ಅದು ಪೂರ್ಣವಾಯಿತು. ಕನ್ನಡನಾಡಿನಲ್ಲಿ ಬಳಕೆಗೆ ಬಂದದ್ದು ಈ ಬಳ್ಳಾರಿಯ ಅನುವಾದವೇ. ಶ್ರೀರಾಮಪುರದ ಪ್ರತಿ ಹಿಂದೆ ಸರಿಯಿತು. ಆದರೆ ಹೆಸರಿಲ್ಲದ ಹಳ್ಳಿಸಭೆಗಳ ಒಂದು ಗಂಟೆಯ ಪ್ರಾರ್ಥನೆಯಿಂದ ಹೊರಟ ದಾರಿ ನಮ್ಮ ನುಡಿಯವರೆಗೂ ಬಂದು ಮುಟ್ಟಿತೆಂಬುದನ್ನು ಮರೆಯುವಂತಿಲ್ಲ.

ಬರಗಾಲದ ನೀರಿನಲ್ಲಿ

ಕೇರಿಯವರ ಸಂಘ ಬಂಗಾಳದಲ್ಲಿ ನೆಲೆ ನಿಂತಿತು. ದಕ್ಷಿಣದ ತೆಲುಗು ನಾಡಿಗೆ ಬ್ಯಾಪ್ಟಿಸ್ಟರು ಬಂದದ್ದು ಅಮೆರಿಕದಿಂದ. ನಮ್ಮ ಗಡಿ ತಾಲ್ಲೂಕುಗಳಿಗೆ ಹತ್ತಿರವಾದ ಚರಿತ್ರೆ ಅದೇ. ಸ್ಯಾಮ್ಯುಯೆಲ್ ಡೇ 1836ರಲ್ಲಿ ಭಾರತಕ್ಕೆ ಬಂದು 1840ರಲ್ಲಿ ನೆಲ್ಲೂರಿನಲ್ಲಿ ನೆಲೆಸಿದರು. ಹಲವು ವರ್ಷ ದುಡಿದರೂ ಫಲ ಕಾಣಲಿಲ್ಲ. ಕೆಲಸವನ್ನು ನಿಲ್ಲಿಸಿಬಿಡುವ ಮಾತು ಅಮೆರಿಕದಲ್ಲಿ ಮತ್ತೆ ಮತ್ತೆ ಎದ್ದಿತು. 1854ರ ಹೊಸ ವರ್ಷದ ಬೆಳಗಿನ ಜಾವ ಮಿಷನರಿ ಲೈಮನ್ ಜ್ಯೂಯೆಟ್, ಅವರ ಪತ್ನಿ ಮತ್ತು ಬೆರಳೆಣಿಕೆಯ ತೆಲುಗು ವಿಶ್ವಾಸಿಗಳು ಒಂಗೋಲಿನ ಗುಡ್ಡದ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದರು. ಹದಿಮೂರು ವರ್ಷಗಳ ಬಳಿಕ, 1867ರ ಜನವರಿ 1ರಂದು, ಜಾನ್ ಕ್ಲೋ ಎಂಬ ಮಿಷನರಿಯ ಮುಂದಾಳುತನದಲ್ಲಿ ಒಂಗೋಲ್ ಸಭೆ ಎಂಟೇ ಸದಸ್ಯರೊಡನೆ ಆರಂಭವಾಯಿತು.

ಅಷ್ಟರಲ್ಲಿ ಯೆರ್ರಗುಂಟ್ಲ ಪೇರಯ್ಯ ಎಂಬುವರು ದೀಕ್ಷಾಸ್ನಾನ ಪಡೆದಿದ್ದರು. ಮಾದಿಗ ಸಮುದಾಯದವರು, ತೊಗಲಿನ ವ್ಯಾಪಾರ ಮಾಡುತ್ತಿದ್ದವರು. ಅವರ ಮೂಲಕ ಆ ಸಮುದಾಯದ ಬಂಧುಬಳಗಕ್ಕೆಲ್ಲ ಸಂದೇಶ ಹರಡಿತು. ಆಗ ಪಟ್ಟಣದ ಮೇಲ್ಜಾತಿಯವರು ಕ್ಲೋ ಅವರ ಮುಂದೆ ಆಯ್ಕೆಯೊಂದನ್ನು ಇಟ್ಟರು. ಇವರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ, ನಮ್ಮ ಮಕ್ಕಳನ್ನು ಶಾಲೆಗೂ ಕಳುಹಿಸುವುದಿಲ್ಲ ಎಂದರು. ಕ್ಲೋ ಮತ್ತು ಅವರ ಪತ್ನಿ ಬೇರೆ ಬೇರೆ ಕೋಣೆಗಳಲ್ಲಿ ಬೈಬಲನ್ನು ತೆರೆದಾಗ ಇಬ್ಬರಿಗೂ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂದೇ ಭಾಗ ಕಂಡಿತಂತೆ. ದೇವರು ಲೋಕದ ಕೀಳಾದವರನ್ನು ಆರಿಸಿಕೊಂಡರೆಂದು ಹೇಳುವ ಭಾಗವದು. ಅವರು ಬಡವರ ಪಕ್ಷವನ್ನೇ ಹಿಡಿದರು.

1876ರಿಂದ 1878ರವರೆಗಿನ ಮಹಾಕ್ಷಾಮ ಬಳ್ಳಾರಿ, ಕರ್ನೂಲು, ಚಿತ್ರದುರ್ಗ ಸೀಮೆಗಳನ್ನು ಹಿಂಡಿಹಾಕಿತು. 1871ರಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತೆಂದರೆ ಸಾವಿನ ಪ್ರಮಾಣವನ್ನು ಊಹಿಸಬಹುದು. ಒಂಗೋಲಿನ ಕಡೆ ಕ್ಲೋ ಅವರು ಬಕಿಂಗ್‌ಹ್ಯಾಂ ಕಾಲುವೆಯ ಮೂರೂವರೆ ಮೈಲಿ ಅಗೆಯುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಆ ಕಾಲದಲ್ಲಿ ಒಂದು ವರ್ಷಕ್ಕೂ ಹೆಚ್ಚು ಅವಧಿ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಅನ್ನದ ಆಸೆಗೆ ಯಾರೂ ಕ್ರೈಸ್ತರಾಗಕೂಡದೆಂಬುದು ಅವರ ನಿಲುವು. ಪರಿಹಾರದ ಹಣವೆಲ್ಲ ಮುಗಿದ ಮೇಲೂ ಜನ ಬಂದು ಕಾದು ನಿಂತರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯ ವೆಲ್ಲಂಪಲ್ಲಿಯಲ್ಲಿ ಆರು ಮಂದಿ ತೆಲುಗು ಬೋಧಕರು, ಒಮ್ಮೆಗೆ ಇಬ್ಬಿಬ್ಬರಂತೆ ನೀರಿಗಿಳಿದು, 2,222 ಜನರಿಗೆ ದೀಕ್ಷಾಸ್ನಾನ ಕೊಟ್ಟರು. ಆ ವರ್ಷ ಮುಗಿಯುವುದರೊಳಗೆ ಸಂಖ್ಯೆ ಒಂಬತ್ತು ಸಾವಿರವನ್ನು ಮೀರಿತು.

ಹೀಗೆ ನೂರಾರು ಹಳ್ಳಿಗಳಲ್ಲಿ ಚದುರಿಹೋದ ಬಡ ವಿಶ್ವಾಸಿಗಳನ್ನು ಒಂದಾಗಿ ಇರಿಸಿದ್ದು ಹಳ್ಳಿಯ ಹಿರಿಯರು ಮತ್ತು ಮೂರು ತಿಂಗಳಿಗೊಮ್ಮೆ ಒಂಗೋಲಿನಲ್ಲಿ ನಡೆಯುತ್ತಿದ್ದ ಕೂಟ. ಬೋಧಕರು ನಡೆದುಕೊಂಡು ಬಂದು, ತಮ್ಮ ಹಳ್ಳಿಗಳ ವರದಿ ಒಪ್ಪಿಸಿ, ಕಲಿತು, ಪ್ರಾರ್ಥಿಸಿ ಮರಳುತ್ತಿದ್ದರು. ನಾರ್ಥಾಂಪ್ಟನ್ನಿನ ವಾರ್ಷಿಕ ಕೂಟಕ್ಕೂ ಇದಕ್ಕೂ ಹೋಲಿಕೆ ಸ್ಪಷ್ಟ. ಕಾಲಕ್ರಮದಲ್ಲಿ ಒಕ್ಕೂಟಗಳು ಬೆಳೆದು, ವಿದೇಶಿ ಮಿಷನ್ನಿನ ಹೊಣೆ ಇಲ್ಲಿಯವರ ಕೈಗೆ ಬಂದು, 1962ರಲ್ಲಿ 'ಸಮಾವೇಶಂ ಆಫ್ ತೆಲುಗು ಬ್ಯಾಪ್ಟಿಸ್ಟ್ ಚರ್ಚಸ್' ಎಂಬ ಸಂಸ್ಥೆ ರೂಪುಗೊಂಡಿತು. 'ಸಮಾವೇಶ' ಎಂಬ ಆ ಹೆಸರನ್ನು ನೋಡಿರಿ. ಕೂಡಿಬರುವುದು ಎಂಬುದೇ ಅವರ ಸಂಸ್ಥೆಯ ಗುರುತು.

ಗಡಿಗಳು ಬದಲಾದರೂ ಜನರ ನಂಟು ಬದಲಾಗುವುದಿಲ್ಲ. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಮೊಳಕಾಲ್ಮೂರು, ಚಳ್ಳಕೆರೆಗಳ ಮನೆಗಳಿಗೂ ಆ ಕಡೆಯ ಊರುಗಳಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಇಂದಿಗೂ ಇದೆ. ಇಂಥ ಗಡಿಸೀಮೆಯಲ್ಲಿ ಹಾಡು, ಪ್ರಸಂಗ, ಪ್ರಾರ್ಥನೆಗಳು ಎರಡು ಭಾಷೆಗಳಲ್ಲಿ ಓಡಾಡುವುದು ಸಹಜವೇ.

ಐಕ್ಯಸಭೆಯ ಹೊರಗೆ ಉಳಿದವರು

ಬಳ್ಳಾರಿಯ ಲಂಡನ್ ಮಿಷನ್ ಸಭೆಗಳೂ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಉದ್ಘಾಟನೆಗೊಂಡ ದಕ್ಷಿಣ ಭಾರತ ಐಕ್ಯಸಭೆಯಲ್ಲಿ, ಅಂದರೆ ಸಿ.ಎಸ್.ಐ.ಯಲ್ಲಿ ಸೇರಿಹೋದವು. ದಕ್ಷಿಣದ ಬ್ಯಾಪ್ಟಿಸ್ಟರು ಸೇರಲಿಲ್ಲ. ಐಕ್ಯಸಭೆಯಲ್ಲಿ ಬಿಷಪರಿದ್ದರು, ಶಿಶು ದೀಕ್ಷಾಸ್ನಾನವೂ ಇತ್ತು. ಇವೆರಡನ್ನೂ ಒಪ್ಪಿದರೆ ತಮ್ಮ ಹಿರಿಯರು ಸೆರೆವಾಸ ಅನುಭವಿಸಿದ ತತ್ತ್ವವೇ ಹೋದಂತೆ ಎಂದು ಅವರು ಭಾವಿಸಿದರು. 1970ರಲ್ಲಿ ಉತ್ತರ ಭಾರತ ಐಕ್ಯಸಭೆ ಹುಟ್ಟಿದಾಗ ಅಲ್ಲಿಯ ಬ್ಯಾಪ್ಟಿಸ್ಟರಲ್ಲಿ ಒಂದು ಭಾಗದವರು, ಎರಡೂ ಬಗೆಯ ದೀಕ್ಷಾಸ್ನಾನಕ್ಕೆ ಎಡೆಯಿರುವ ವ್ಯವಸ್ಥೆಯಡಿ ಸೇರಿಕೊಂಡರು ಎಂಬುದನ್ನೂ ಹೇಳಬೇಕು. ಒಂದೇ ತತ್ತ್ವದವರು ಎರಡು ದಾರಿ ಹಿಡಿದರು. ಅದೂ ಅವರ ಸ್ವಾತಂತ್ರ್ಯದ ಫಲವೇ.

ಕರ್ನಾಟಕದಲ್ಲಿ ಬ್ಯಾಪ್ಟಿಸ್ಟ್ ಎಂಬ ಹೆಸರನ್ನು ಹೆಚ್ಚಿನವರು ಮೊದಲು ಕೇಳಿದ್ದು ಆಸ್ಪತ್ರೆಯ ಮೂಲಕ. ಅಮೆರಿಕದ ದಕ್ಷಿಣ ಬ್ಯಾಪ್ಟಿಸ್ಟರು 1973ರಲ್ಲಿ ಹೆಬ್ಬಾಳದಲ್ಲಿ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನು ಆರಂಭಿಸಿದರು. 1989ರಲ್ಲಿ ಅದರ ಆಡಳಿತದ ಹೊಣೆಯನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ವಹಿಸಿಕೊಂಡಿತು. ಯಾವ ಮತದವರೆಂದು ಕೇಳದೆ ರೋಗಿಯನ್ನು ನೋಡುವ ಆ ಸೇವೆ ಎಷ್ಟೋ ಪ್ರಸಂಗಗಳಿಗಿಂತ ದೊಡ್ಡ ಸಾಕ್ಷಿ.

ಹಳ್ಳಿಯ ಸಣ್ಣ ಸಭೆಗಳ ಸ್ಥಿತಿ ಬೇರೆ. ಅಂಥ ಸಭೆಯ ಪಾಲಕ ಹಲವು ಬಾರಿ ವಾರದ ಆರು ದಿನ ಕೂಲಿಗೋ ಕುರಿ ಕಾಯಲೋ ಹೋಗಿ, ಏಳನೆಯ ದಿನ ಬೈಬಲು ಹಿಡಿಯುವವನು. ಜಾಗ ಅವನ ಹೆಸರಿನಲ್ಲಿದ್ದರೆ ಅವನ ಕಾಲದ ಬಳಿಕ ಏನೆಂಬ ಚಿಂತೆ. ಹೀಗಾಗಿ ಈಗಿನ ಒಕ್ಕೂಟಕ್ಕೆ ಹಳೆಯ ಕೆಲಸಗಳ ಜೊತೆಗೆ ಇನ್ನೊಂದು ಕೆಲಸ ಸೇರಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂಥ ಕಾನೂನಿನಡಿ ನೋಂದಾಯಿಸಿಕೊಂಡು, ವರ್ಷವರ್ಷ ಲೆಕ್ಕಪತ್ರ ಒಪ್ಪಿಸಿ, ಸಭೆಗಳ ಪರವಾಗಿ ಆಸ್ತಿಯನ್ನು ಕಾಪಾಡುವುದೇ ಆ ಕೆಲಸ. ಆಸ್ತಿ ಬಂದ ಕಡೆ ವ್ಯಾಜ್ಯವೂ ಬರುತ್ತದೆ. ಪ್ರೀತಿಯಿಂದ ಕಟ್ಟಿದ ಒಕ್ಕೂಟಗಳು ಕುರ್ಚಿಗಾಗಿ ಎರಡಾದದ್ದೂ, ಸೋದರರು ನ್ಯಾಯಾಲಯದಲ್ಲಿ ಎದುರುಬದುರು ನಿಂತದ್ದೂ ಉಂಟು. ಧರ್ಮಾಧ್ಯಕ್ಷರಿರುವ ನಮ್ಮಲ್ಲಿ ಇಂಥದು ನಡೆದೇ ಇಲ್ಲವೆಂದು ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ.

ಆ ವೃದ್ಧೆಯ ಪ್ರಶ್ನೆಗೆ

ಈಗ ಆ ಅಜ್ಜಿಯ ಪ್ರಶ್ನೆಗೆ ಬರೋಣ. ಶಿಶುವಾಗಿದ್ದಾಗ ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ನೀರಿನಿಂದ ಪಡೆದ ದೀಕ್ಷಾಸ್ನಾನ ಸಂಪೂರ್ಣವಾದದ್ದು. ಅದನ್ನು ಎರಡನೆಯ ಬಾರಿ ಕೊಡಲಾಗದು. ನಾವು ಏನೂ ಅರಿಯದಿದ್ದಾಗಲೇ ದೇವರು ನಮ್ಮನ್ನು ಪ್ರೀತಿಸಿದರೆಂಬುದನ್ನು ಶಿಶುವಿನ ಹಣೆಯ ಮೇಲಿನ ಆ ನೀರು ಸಾರುತ್ತದೆ. ಅಜ್ಜಿ ಎತ್ತಿಕೊಂಡು ಹೋಗಿ ಕೊಡಿಸಿದ್ದು ಸುಳ್ಳಲ್ಲ, ಸುಳ್ಳಾಗಲಾರದು. ಇದರಲ್ಲಿ ನಾವು ಸಡಿಲವಾಗುವಂತಿಲ್ಲ. ನಮ್ಮ ಮಕ್ಕಳು ಈ ಕಾರಣಕ್ಕಾಗಿ ಮತ್ತೊಮ್ಮೆ ನೀರಿಗಿಳಿದಾಗ ನಮಗೆ ನೋವಾಗುತ್ತದೆ ಎಂಬುದನ್ನು ಬ್ಯಾಪ್ಟಿಸ್ಟ್ ಸೋದರರಿಗೆ ನೇರವಾಗಿಯೇ ಹೇಳಬೇಕು.

ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಅವರು ತ್ರಿಯೇಕ ದೇವರ ನಾಮದಲ್ಲಿ ಕೊಡುವ ದೀಕ್ಷಾಸ್ನಾನವನ್ನು ನಮ್ಮ ಧರ್ಮಸಭೆ ಮಾನ್ಯಮಾಡುತ್ತದೆ. ಬ್ಯಾಪ್ಟಿಸ್ಟ್ ಸಭೆಯಿಂದ ಒಬ್ಬರು ನಮ್ಮಲ್ಲಿಗೆ ಬಂದರೆ, ಗಂಭೀರವಾದ ಸಂಶಯವಿಲ್ಲದ ಹೊರತು, ಅವರಿಗೆ ಮತ್ತೆ ದೀಕ್ಷಾಸ್ನಾನ ಕೊಡುವುದನ್ನು ನಮ್ಮ ಧರ್ಮಸಭೆಯ ಕಾನೂನು ಒಪ್ಪುವುದಿಲ್ಲ. ಕಥೋಲಿಕರೊಬ್ಬರು ಬ್ಯಾಪ್ಟಿಸ್ಟರನ್ನು ಮದುವೆಯಾಗುವುದಿದ್ದರೆ ಧರ್ಮಾಧ್ಯಕ್ಷರ ಅನುಮತಿ ಪಡೆಯುವ ಕ್ರಮವಿದೆ. ಆದುದರಿಂದ ಇಂಥ ಸಂಬಂಧ ಬಂದಾಗ ಮನೆಯವರು ಗುಟ್ಟಾಗಿಡದೆ ಮೊದಲೇ ಧರ್ಮಕೇಂದ್ರದ ಗುರುಗಳೊಡನೆ ಮಾತಾಡುವುದು ಒಳಿತು. ನಿಶ್ಚಿತಾರ್ಥವಾದ ಮೇಲೆ ಕಣ್ಣೀರಿಡುವುದಕ್ಕಿಂತ ಮೊದಲೇ ಎರಡೂ ಕಡೆಯವರು ಕುಳಿತು ಮಾತಾಡಿದರೆ ಎಷ್ಟೋ ಗಾಯಗಳು ತಪ್ಪುತ್ತವೆ.

ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಕ್ರೈಸ್ತೈಕ್ಯದ ಬಗ್ಗೆ ಹೊರಡಿಸಿದ ಪ್ರಕಟಣೆ, ದೀಕ್ಷಾಸ್ನಾನ ಪಡೆದ ಈ ಸೋದರರು ಅಪೂರ್ಣವಾಗಿಯಾದರೂ ನಮ್ಮೊಡನೆ ನಿಜವಾದ ಅನ್ಯೋನ್ಯತೆಯಲ್ಲಿದ್ದಾರೆಂದು ಬೋಧಿಸಿತು. 1905ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಬ್ಯಾಪ್ಟಿಸ್ಟ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಧರ್ಮಸಭೆಯ ಪ್ರತಿನಿಧಿಗಳು 1984ರಿಂದ 1988ರವರೆಗೆ, ಮತ್ತೆ 2006ರಿಂದ 2010ರವರೆಗೆ ಸಂವಾದ ನಡೆಸಿದರು. ಶಿಶು ದೀಕ್ಷಾಸ್ನಾನದ ಭೇದ ಬಗೆಹರಿಯಲಿಲ್ಲ. ಆದರೆ ಪರಸ್ಪರರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡರು. ಬಹಳ ಮನೆಗಳಲ್ಲಿ ಅಷ್ಟೂ ಆಗಿರುವುದಿಲ್ಲ.

ಈ ಚರಿತ್ರೆಯನ್ನು ಓದಿ ನಾನು ಕಲಿತದ್ದು ಇಷ್ಟು. ನಮಗೆ ಐಕ್ಯ ಹುಟ್ಟಿನಿಂದಲೇ ದೊರೆತ ಆಸ್ತಿ. ಪ್ರೇಷಿತರ ಪರಂಪರೆ, ಜಗದ್ಗುರುಗಳು, ಧರ್ಮಾಧ್ಯಕ್ಷರು, ಒಂದೇ ಬಲಿಪೂಜೆ ಎಲ್ಲವೂ ಕೈಗೆ ಬಂದಿವೆ. ಇವು ದೇವರ ವರಗಳೆಂದು ನಾನು ನಂಬುತ್ತೇನೆ. ಆದರೆ ಪಿತ್ರಾರ್ಜಿತ ಆಸ್ತಿಯ ಬೆಲೆ ಮಕ್ಕಳಿಗೆ ಬೇಗ ಮರೆತುಹೋಗುತ್ತದೆ. ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ ಸ್ಥಾಪನೆಯಾದಂದಿನಿಂದ ಚಿತ್ರದುರ್ಗದ ಬಯಲುಸೀಮೆಯೂ ಮಲೆನಾಡಿನ ಧರ್ಮಕೇಂದ್ರಗಳೂ ಒಂದೇ ಕುಟುಂಬ. ಮಲೆನಾಡಿನ ದೊಡ್ಡ ಧರ್ಮಕೇಂದ್ರದವರಿಗೆ ಬಯಲುಸೀಮೆಯ ಹತ್ತು ಮನೆಗಳ ಕಷ್ಟ ಎಷ್ಟು ತಿಳಿದಿದೆ? ಆ ಹತ್ತು ಮನೆಗಳ ಪತ್ರವನ್ನು ನಾವು ವರ್ಷಕ್ಕೊಮ್ಮೆಯಾದರೂ ಓದುತ್ತೇವೆಯೇ? ಯಾರ ಆಜ್ಞೆಯೂ ಇಲ್ಲದೆ ನಾರ್ಥಾಂಪ್ಟನ್ನಿನ ಬಡ ಸಭೆಗಳೂ ಒಂಗೋಲಿನ ಬರಿಗಾಲಿನ ಬೋಧಕರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ನಡೆದರು. ಆಜ್ಞೆಯೂ ವ್ಯವಸ್ಥೆಯೂ ಇರುವ ನಾವು ನಮ್ಮವರನ್ನು ಹುಡುಕಿಕೊಂಡು ಎಷ್ಟು ದೂರ ನಡೆಯುತ್ತಿದ್ದೇವೆ?

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತೈಕ್ಯಕ್ಕಾಗಿ ಪ್ರಾರ್ಥಿಸುವ ವಾರ ಬರುತ್ತದೆ. ಆ ದಿನಗಳಲ್ಲಿ ನಿಮ್ಮ ಊರಿನ ಅಂಚಿನಲ್ಲಿರುವ ಸಣ್ಣ ಸಭೆಯ ಪಾಲಕನನ್ನು ಒಮ್ಮೆ ಮಾತನಾಡಿಸಿರಿ. ಅವನ ಮನೆಯಲ್ಲಿ ಕಾಯಿಲೆಯಿದ್ದರೆ ವಿಚಾರಿಸಿರಿ. ಕೊನೆಯ ಭೋಜನದ ರಾತ್ರಿ ಪ್ರಭು ಯೇಸು ತನ್ನವರೆಲ್ಲರೂ ಒಂದಾಗಿರಲೆಂದು ಪಿತನಲ್ಲಿ ಬೇಡಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ ಮನೆಮಂದಿಯೆಲ್ಲ ಕುಳಿತು ಓದಿರಿ.

ಆ ಅಜ್ಜಿ ಈಗಿಲ್ಲ. ಎರಡೂ ಮನೆಯವರು ಬಹಳ ಮಾತಾಡಿದ ಮೇಲೆ ಅವರ ಮೊಮ್ಮಗಳು ಮತ್ತೆ ನೀರಿಗಿಳಿಯದೆ, ಅನುಮತಿ ಪಡೆದು, ನಮ್ಮ ದೇವಾಲಯದಲ್ಲೇ ಮದುವೆಯಾದಳು. ಅಜ್ಜಿಯ ಅಂತ್ಯಕ್ರಿಯೆಯ ದಿನ ಅಳಿಯನ ಸಭೆಯವರು ಗುಂಪಾಗಿ ಬಂದು, ನಮ್ಮ ಪ್ರಾರ್ಥನೆಗಳೆಲ್ಲ ಮುಗಿಯುವವರೆಗೂ ಬಿಸಿಲಿನಲ್ಲಿ ನಿಂತಿದ್ದರು. ಗುಂಡಿಗೆ ಮಣ್ಣು ಹಾಕುವಾಗ ಅವರ ಪಾಲಕನೂ ನಾನೂ ಒಂದೇ ಗುದ್ದಲಿಯನ್ನು ಕೈಯಿಂದ ಕೈಗೆ ಕೊಟ್ಟುಕೊಂಡೆವು.